ಕಾರಣ–ಪರಿಣಾಮ ಓದಿಸುವುದು: 1ರಿಂದ 5ನೇ ತರಗತಿಯ ಕನ್ನಡ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

"ಕಾರಣ", "ಪರಿಣಾಮ" ಅನ್ನುವ ಪದಗಳನ್ನು ಯಾವ ತರಗತಿಯಿಂದ ಬಳಸಬೇಕು?

ಮೂರನೇ ತರಗತಿಗೆ ಮುಂಚೆ ಅವಸರ ಬೇಡ. ಒಂದು, ಎರಡರ ಮಕ್ಕಳಿಗೆ "ಏನಾಯ್ತು?", "ಯಾಕಾಯ್ತು?" ಎಂಬ ಎರಡು ಪ್ರಶ್ನೆ ಸಾಕು. "ಪರಿಣಾಮ" ಪತ್ರಿಕೆಯ ಪದ, ಮಗುವಿನ ಬಾಯಲ್ಲಿ ಅದು ಇರುವುದಿಲ್ಲ. ಆ ಪದದ ಅರ್ಥ ಹೇಳಿಕೊಡುವುದರಲ್ಲೇ ಪೀರಿಯಡ್ ಮುಗಿದರೆ ಓದಿಸಿದ್ದು ಏನೂ ಇಲ್ಲ. ಮೂರನೇ ತರಗತಿಯಲ್ಲಿ ಬೋರ್ಡಿನ ಮೇಲೆ "ಯಾಕಾಯ್ತು?" ಎಂಬುದರ ಕೆಳಗೆ ಚಿಕ್ಕದಾಗಿ "ಕಾರಣ" ಎಂದು ಬರೆಯುತ್ತಾ ಹೋಗಿ. ಹದಿನೈದು ದಿನದಲ್ಲಿ ತಾವಾಗಿಯೇ ಹೇಳತೊಡಗುತ್ತಾರೆ.

ಪ್ರಶ್ನೆ ಕೇಳುವ ಕ್ರಮವೂ ಮುಖ್ಯ. ಮೊದಲು "ಏನಾಯ್ತು?", ಆಮೇಲೆ "ಯಾಕೆ?". ಒಡೆದ ಮಡಕೆ ಕಣ್ಣಿಗೆ ಕಾಣುತ್ತದೆ, ಅದು ಯಾಕೆ ಒಡೆಯಿತು ಎಂಬುದನ್ನು ಹುಡುಕಬೇಕು. ಕಾಣುವುದರಿಂದ ಹಿಂದಕ್ಕೆ ಹೋಗುವುದು ಮಕ್ಕಳಿಗೆ ಸಲೀಸು.

"ಏಕೆಂದರೆ", "ಆದ್ದರಿಂದ" ಪದಗಳಿಗೆ ಗೆರೆ ಎಳೆಸಿದರೆ ಸಾಲದೇ?

ಸಾಲದು. ಇಂಗ್ಲಿಷ್ ಪಾಠಯೋಜನೆಗಳಿಂದ ಬಂದ ಅಭ್ಯಾಸ ಅದು. ಅಲ್ಲಿ ಕಾರಣ ಹೇಳಲು ಬಿಡಿ ಪದಗಳು ಹೆಚ್ಚು, ಗುರುತು ಹಚ್ಚುವುದು ಸುಲಭ. ಕನ್ನಡದಲ್ಲಿ ಕಾರಣ ಬಹುಪಾಲು ಪದದ ಬಾಲದಲ್ಲಿ, ಪ್ರತ್ಯಯದಲ್ಲಿ ಅಡಗಿ ಕೂತಿರುತ್ತದೆ. ಮಕ್ಕಳ ಕಥೆಗಳಲ್ಲಿ "ಏಕೆಂದರೆ" ಅಪರೂಪ. ಬಿಡಿ ಪದ ಹುಡುಕಲು ಕಲಿತ ಮಗು ಅರ್ಧ ಪುಟ ಓದಿ "ಇದರಲ್ಲಿ ಕಾರಣ ಇಲ್ಲ ಮಿಸ್" ಅನ್ನುತ್ತದೆ. ಈ ವಾಕ್ಯಗಳನ್ನು ನೋಡಿ:

ಬಿಸಿಲಿಗೆ ಹೂವು ಬಾಡಿತು.
ಮಳೆಯಿಂದ ರಾಗಿ ಹಾಳಾಯಿತು.
ಸುಳ್ಳು ಹೇಳಿದ್ದಕ್ಕೆ ಅಮ್ಮ ಬೈದರು.
ಜ್ವರ ಬಂದಿದ್ದರಿಂದ ರಜೆ ಹಾಕಿದ.
ಕಾಲು ಜಾರಿ ಬಿದ್ದ.
ತಡವಾಯಿತೆಂದು ಓಡಿದಳು.

ಆರರಲ್ಲೂ ಕಾರಣ ಇದೆ, ಒಂದರಲ್ಲೂ ಬಿಡಿ ಪದ ಇಲ್ಲ. ಹಾಗಂತ "ಇಂದ" ಕಂಡಲ್ಲೆಲ್ಲ ಕಾರಣ ಎಂದು ಹೇಳಿಕೊಟ್ಟರೆ ಇನ್ನೊಂದು ಗುಂಡಿಗೆ ಬೀಳುತ್ತೇವೆ. "ಮೈಸೂರಿನಿಂದ ಬಂದ" ಅಂದರೆ ಮೈಸೂರು ಕಾರಣವಲ್ಲ, ಹೊರಟ ಜಾಗ. "ಚಾಕುವಿನಿಂದ ಹೆಚ್ಚಿದಳು" ಅಂದರೆ ಚಾಕು ಸಾಧನ. "ಬಿಸಿಲಿಗೆ ಬಾಡಿತು", "ಊರಿಗೆ ಹೋಯಿತು" ಎರಡರಲ್ಲೂ ಇರುವುದು ಅದೇ "ಗೆ". "ಕಾಲು ಜಾರಿ ಬಿದ್ದ" ಎಂಬಲ್ಲಿ ಜಾರಿದ್ದೇ ಕಾರಣ. ಅದೇ ರೂಪದ "ಕೈ ತೊಳೆದು ಉಂಡ" ಬರೀ ಒಂದಾದ ಮೇಲೊಂದು.

ಪ್ರತ್ಯಯ ಸುಳಿವು ಮಾತ್ರ, ತೀರ್ಪು ಕೊಡುವುದು ಪ್ರಶ್ನೆ. "ಬಿಸಿಲಿಗೆ ಬಾಡಿತು. ಯಾಕೆ ಬಾಡಿತು? ಬಿಸಿಲಿಗೆ." ಹೊಂದಿತು. "ಊರಿಗೆ ಹೋಯಿತು. ಯಾಕೆ ಹೋಯಿತು? ಊರಿಗೆ." ಹೊಂದಲಿಲ್ಲ, ಅದು "ಎಲ್ಲಿಗೆ?" ಎಂಬುದರ ಉತ್ತರ. ಮೂರನೇ ತರಗತಿಯಿಂದ ಮೇಲೆ ವಾರಕ್ಕೊಮ್ಮೆ ಹೀಗೆ ಹತ್ತು ವಾಕ್ಯ ಬಾಯಲ್ಲೇ ವಿಂಗಡಿಸಿ: ಐದು ಕಾರಣದವು, ಐದು ಅಲ್ಲದವು. ವಿಭಕ್ತಿಯ ಹೆಸರುಗಳನ್ನು ಇಲ್ಲಿ ತರಲೇಬೇಡಿ.

ಮಕ್ಕಳು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುತ್ತಾರೆ. ಯಾಕೆ?

ಕನ್ನಡ ವಾಕ್ಯದಲ್ಲಿ ಸಾಮಾನ್ಯವಾಗಿ ಕಾರಣ ಮೊದಲು, ಆದದ್ದು ಕೊನೆಗೆ: "ಮಳೆ ಬಂದಿದ್ದರಿಂದ ಆಟ ನಿಂತಿತು." "ಏಕೆಂದರೆ" ಬಂದಾಗ ಈ ಕ್ರಮ ತಲೆಕೆಳಗಾಗುತ್ತದೆ: "ಆಟ ನಿಂತಿತು, ಏಕೆಂದರೆ ಮಳೆ ಬಂತು." ಮೊದಲು ಹೇಳಿದ್ದೇ ಮೊದಲು ಆದದ್ದು ಎಂದು ಓದುವ ಮಗು ಇಲ್ಲಿ ಎಡವುತ್ತದೆ. ಇದು ನಮ್ಮ ಮಕ್ಕಳದೇ ತೊಂದರೆಯೂ ಅಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1920ರ ದಶಕದಲ್ಲೇ ಚಿಕ್ಕ ಮಕ್ಕಳು "ಏಕೆಂದರೆ" ಆದಮೇಲೆ ಕಾರಣದ ಬದಲು ಪರಿಣಾಮ ಹೇಳಿಬಿಡುವುದನ್ನು ಗಮನಿಸಿದ್ದರು. ಸೈಕಲ್ಲಿನಿಂದ ಬಿದ್ದ, ಏಕೆಂದರೆ ಕೈ ಮುರಿಯಿತು ಅನ್ನುವಂಥ ಉತ್ತರಗಳು.

ಬೈಯುವುದರಿಂದ ಇದು ಸರಿಹೋಗುವುದಿಲ್ಲ. ಅದೇ ಸಂಗತಿಯನ್ನು ಎರಡು ರೀತಿ ಹೇಳಿಸಿ. "ಮಳೆ ಬಂತು, ಅದಕ್ಕೇ ಆಟ ನಿಂತಿತು." "ಆಟ ನಿಂತಿತು, ಯಾಕಂದ್ರೆ ಮಳೆ ಬಂತು." ಇಬ್ಬರು ಮಕ್ಕಳನ್ನು ನಿಲ್ಲಿಸಿ ಒಬ್ಬರ ಕೈಗೆ "ಮಳೆ ಬಂತು" ಪಟ್ಟಿ, ಇನ್ನೊಬ್ಬರ ಕೈಗೆ "ಆಟ ನಿಂತಿತು" ಪಟ್ಟಿ ಕೊಡಿ. ಮೂರನೆಯ ಮಗು "ಅದಕ್ಕೇ" ಹಿಡಿದು ನಡುವೆ ನಿಲ್ಲಲಿ. "ಅದಕ್ಕೇ" ಬದಲು "ಯಾಕಂದ್ರೆ" ಕಾರ್ಡು ಕೊಟ್ಟ ಕೂಡಲೇ ಪಕ್ಕದ ಇಬ್ಬರೂ ಜಾಗ ಬದಲಿಸಬೇಕು. ಐದು ನಿಮಿಷದ ಆಟ, ಆದರೆ ಕಾಲು ಓಡಾಡಿದಾಗ ಕ್ರಮ ತಲೆಗೆ ಹೋಗುತ್ತದೆ.

ಒಂದು ಪೀರಿಯಡಿನಲ್ಲಿ ಮಾಡಿಸಬಹುದಾದ ಪೂರ್ತಿ ಪಾಠ ಕೊಡಿ.

40 ನಿಮಿಷ, ಮೂರನೇ ತರಗತಿ. ಬೋರ್ಡಿನ ಮೇಲೆ ಈ ಒಂಬತ್ತು ವಾಕ್ಯ:

*ಮುಸ್ಸಂಜೆ ಜೋರು ಗಾಳಿ ಬೀಸಿತು. ಹಿತ್ತಿಲ ನುಗ್ಗೆಮರದ ಮೇಲೆ ಕಾಗೆಯೊಂದು ಬಂದು ಕೂತಿತು. ಕೊಂಬೆ ಮುರಿದು ಕರೆಂಟಿನ ತಂತಿಯ ಮೇಲೆ ಬಿತ್ತು. ಬೆಳಗ್ಗೆ ಮಿಕ್ಸಿ ತಿರುಗಲಿಲ್ಲ. ಅಜ್ಜಿ ಒರಳಿನಲ್ಲಿ ಚಟ್ನಿ ರುಬ್ಬಿದರು. ತಿಂಡಿ ತಡವಾಯಿತು. ಗೌರಿ ಬಸ್ಸು ಹಿಡಿಯಲು ಓಡಿದಳು. ಆದರೂ ಬಸ್ಸು ಹೊರಟುಹೋಗಿತ್ತು. ಗೌರಿ ನಡೆದೇ ಶಾಲೆಗೆ ಬಂದಳು.*

"ಆದ್ದರಿಂದ", "ಏಕೆಂದರೆ" ಬೇಕೆಂದೇ ಹಾಕಿಲ್ಲ. ಎರಡು ಎ4 ಹಾಳೆಗಳನ್ನು ಅಡ್ಡಕ್ಕೆ ಐದೈದು ಪಟ್ಟಿ ಮಾಡಿದರೆ ಹತ್ತು ಪಟ್ಟಿ ಆಗುತ್ತವೆ. ಒಂಬತ್ತರಲ್ಲಿ ಒಂದೊಂದು ವಾಕ್ಯ ಬರೆಯಿರಿ, ಹತ್ತನೆಯದು ಖಾಲಿ ಇರಲಿ. ನಾಲ್ಕೈದು ಮಕ್ಕಳ ಗುಂಪಿಗೆ ಒಂದು ಸೆಟ್.

ಮೊದಲ 5 ನಿಮಿಷ ನೀವು ಒಮ್ಮೆ, ಮಕ್ಕಳು ಒಮ್ಮೆ ಗಟ್ಟಿಯಾಗಿ ಓದುವುದು. ನಂತರ 10 ನಿಮಿಷ ಕೊನೆಯ ಪಟ್ಟಿಯಿಂದ ಹಿಂದಕ್ಕೆ: ಗೌರಿ ಯಾಕೆ ನಡೆದು ಬಂದಳು? ಬಸ್ಸು ಯಾಕೆ ತಪ್ಪಿತು? ತಿಂಡಿ ಯಾಕೆ ತಡವಾಯಿತು? ಪ್ರತಿ ಉತ್ತರಕ್ಕೂ ಮಗು ಆ ಪಟ್ಟಿಯನ್ನು ಎತ್ತಿ ತೋರಿಸಬೇಕು, ಬಾಯಲ್ಲಿ ಹೇಳಿದರೆ ಸಾಲದು. ಮುಂದಿನ 15 ನಿಮಿಷ ಪಟ್ಟಿಗಳನ್ನು ನೆಲದ ಮೇಲೆ ಹರಡಿ ಸೀಮೆಸುಣ್ಣದಲ್ಲಿ ಬಾಣ ಎಳೆಯುವುದು.

ಪಾಠದ ಜೀವ ಇರುವುದು ಮಿಕ್ಸಿಯ ಪಟ್ಟಿಯಲ್ಲಿ. "ಮಿಕ್ಸಿ ಯಾಕೆ ತಿರುಗಲಿಲ್ಲ?" ಅಂದರೆ ಮಕ್ಕಳು "ಕರೆಂಟು ಹೋಗಿತ್ತು" ಅನ್ನುತ್ತಾರೆ. "ಎಲ್ಲಿ ಬರೆದಿದೆ, ತೋರಿಸು" ಅನ್ನಿ. ಎಲ್ಲೂ ಇಲ್ಲ. ಆಗ ಖಾಲಿ ಪಟ್ಟಿ ಕೊಟ್ಟು ಅದರಲ್ಲಿ ಬರೆಸಿ, ಕೊಂಬೆಗೂ ಮಿಕ್ಸಿಗೂ ನಡುವೆ ಇಡಿಸಿ. ಬರೆಯದೇ ಬಿಟ್ಟ ಕಾರಣವನ್ನು ಓದುಗ ತುಂಬಿಕೊಳ್ಳಬೇಕು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ, ಬೇರೆ ಭಾಷಣ ಬೇಕಿಲ್ಲ.

ಬಾಣದಲ್ಲಿ ಆಗುವ ಎಡವಟ್ಟು ಒಂದೇ: ಕೆಲವರು ಉಲ್ಟಾ ಎಳೆಯುತ್ತಾರೆ. ಬಾಣವನ್ನು "ಅದಕ್ಕೇ" ಎಂದು ಓದಿಸಿ. "ಗಾಳಿ ಬೀಸಿತು, ಅದಕ್ಕೇ ಕೊಂಬೆ ಮುರಿಯಿತು" ಸರಿ ಕೇಳುತ್ತದೆ. ಉಲ್ಟಾ ಓದಿದರೆ ಮಕ್ಕಳೇ ನಗುತ್ತಾರೆ. ಉಳಿದ ಹತ್ತು ನಿಮಿಷದಲ್ಲಿ ಅರ್ಧ ಕಾಗೆಗೆ (ಮುಂದಿನ ಪ್ರಶ್ನೆ ನೋಡಿ), ಅರ್ಧ ತಲಾ ಒಂದು ವಾಕ್ಯ ಬರೆಯುವುದಕ್ಕೆ.

ಒಂದಾದ ಮೇಲೊಂದು ಆದದ್ದನ್ನೆಲ್ಲ ಕಾರಣ ಅನ್ನುತ್ತಾರೆ. ಹೇಗೆ ಬಿಡಿಸುವುದು?

ಅದಕ್ಕೇ ಆ ಕಾಗೆಯನ್ನು ಅಲ್ಲಿ ಕೂರಿಸಿದ್ದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಮಾತು ನಮ್ಮಲ್ಲಿ ಇದ್ದೇ ಇದೆಯಲ್ಲ.

ಪರೀಕ್ಷೆ ಸರಳ. ಕಾಗೆಯ ಪಟ್ಟಿಯನ್ನು ಅಂಗೈಯಿಂದ ಮುಚ್ಚಿ: "ಕಾಗೆಯನ್ನು ಓಡಿಸಿಬಿಟ್ಟೆ. ಈಗ ಕೊಂಬೆ ಮುರಿಯುತ್ತಾ?" "ಮುರಿಯುತ್ತೆ." ಈಗ ಗಾಳಿಯ ಪಟ್ಟಿ ಮುಚ್ಚಿ: "ಗಾಳಿ ಇಲ್ಲ. ಈಗ ಮುರಿಯುತ್ತಾ?" "ಇಲ್ಲ." ತೆಗೆದರೂ ಕಥೆ ನಡೆಯುವಂತಿದ್ದರೆ ಅದು ಪಕ್ಕದಲ್ಲಿ ಇದ್ದದ್ದು ಅಷ್ಟೇ. "ಬೀಸದೇ ಇದ್ದಿದ್ದರೆ ಮುರಿಯುತ್ತಿತ್ತೇ?" ಎಂಬ ವಾಕ್ಯರೂಪ ಎರಡನೇ ತರಗತಿಯ ಮಗುವಿಗೆ ಭಾರ. ಅಂಗೈ ಮುಚ್ಚುವುದು ಅದೇ ಕೆಲಸವನ್ನು ಮಾತಿಲ್ಲದೆ ಮಾಡುತ್ತದೆ. ನಾಲ್ಕನೇ ತರಗತಿಯಲ್ಲಿ ವಾಕ್ಯರೂಪಕ್ಕೆ ಹೋಗಿ.

ಯಾರಾದರೂ ಒಬ್ಬರು "ನುಗ್ಗೆ ಕೊಂಬೆ ಗಟ್ಟಿ ಇರಲ್ಲ ಮಿಸ್, ಕಾಗೆ ಭಾರಕ್ಕೇ ಮುರಿದಿರಬಹುದು" ಅಂದೇ ಅನ್ನುತ್ತಾರೆ. ತಪ್ಪು ಅನ್ನಬೇಡಿ, ಆ ಮಗು ಮರವನ್ನು ನೋಡಿದೆ. "ಕಾಗೆಯಷ್ಟು ಭಾರಕ್ಕಾ, ಜೋರು ಗಾಳಿಗಾ? ಯಾವುದು ಹೆಚ್ಚು ಸಾಧ್ಯ?" ಎಂದು ತರಗತಿಗೇ ಬಿಡಿ.

"ಬಸ್ಸು ಹಿಡಿಯಲು ಓಡಿದಳು": ಇಲ್ಲಿ ಕಾರಣ ಯಾವುದು?

ಒಳ್ಳೆಯ ಪ್ರಶ್ನೆ. ಕನ್ನಡದ "ಯಾಕೆ" ಎರಡಕ್ಕೂ ನಡೆಯುತ್ತದೆ, ಕಾರಣಕ್ಕೂ ಉದ್ದೇಶಕ್ಕೂ. "ಯಾಕೆ ಓಡಿದಳು?" ಅಂದರೆ "ತಿಂಡಿ ತಡವಾಯಿತು" ಎಂಬುದೂ ಉತ್ತರ, "ಬಸ್ಸು ಹಿಡಿಯಲು" ಎಂಬುದೂ ಉತ್ತರ. ಮೊದಲನೆಯದು ಆಗಲೇ ಆಗಿಹೋದದ್ದು, ಎರಡನೆಯದು ಇನ್ನೂ ಆಗಬೇಕಾದದ್ದು, ಆಗದೆಯೂ ಹೋಗಬಹುದು. ಈ ಕಥೆಯಲ್ಲಿ ಆಗಲೂ ಇಲ್ಲ. ಮೂರನೇ ತರಗತಿಯಲ್ಲಿ ಎರಡನ್ನೂ ಒಪ್ಪಿಕೊಳ್ಳಿ. ಐದರಲ್ಲಿ "ಓಡುವ ಮುಂಚೆ ಆಗಿತ್ತಾ, ಆಮೇಲೆ ಆಗಬೇಕಿತ್ತಾ?" ಎಂದು ಕೇಳಿ ಬೇರ್ಪಡಿಸಿ. "ಆದರೂ" ಎಂಬ ಪದವನ್ನೂ ಆಗಲೇ ತೋರಿಸಬಹುದು. ಎಣಿಸಿದಂತೆ ಆಗಲಿಲ್ಲ ಎಂಬ ಸೂಚನೆ ಅದು.

ನಾಲ್ಕು, ಐದನೇ ತರಗತಿಗೆ ಕಥೆ ಸಾಕೇ? ಮಾಹಿತಿ ಪಾಠಗಳಲ್ಲಿ ಹೇಗೆ?

ಕಥೆ ಸಾಲದು. ಪರಿಸರ ಅಧ್ಯಯನ, ಸಮಾಜದ ಪಾಠಗಳಲ್ಲೇ ಸರಪಳಿ ಉದ್ದ. ಕೈಯಳತೆಯಲ್ಲಿರುವ ಒಂದು ಸರಪಳಿ ಇದು:

ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಬೇಕಾಯಿತು. ಅದಕ್ಕೇ ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಕೇಂದ್ರ ಶುರುವಾಯಿತು. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದರೆ ವಿದ್ಯುತ್ತೂ ಇಳಿಯುತ್ತಿತ್ತು. ನೀರು ಹಿಡಿದಿಡಲು ಕನ್ನಂಬಾಡಿಯಲ್ಲಿ 1911ರಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಅಣೆಕಟ್ಟೆಯ ನಾಲೆಯಿಂದ ಮಂಡ್ಯದ ಹೊಲಗಳಿಗೆ ನೀರು ಬಂತು. ನೀರು ಬಂದಿದ್ದರಿಂದ ಕಬ್ಬು ಬಂತು. ಕಬ್ಬು ಬೆಳೆದಿದ್ದರಿಂದ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು.

ಏಳು ಪಟ್ಟಿ, ಆರು ಬಾಣ. ಕಲಿಸಲು ಮೂರು ಸಂಗತಿ ಸಿಗುತ್ತವೆ. ಒಂದು: ನಡುವಿನ ಪಟ್ಟಿಯ ಪರಿಣಾಮವೇ ಮುಂದಿನದಕ್ಕೆ ಕಾರಣ. ಮಗು "ಇದು ಕಾರಣವಾ, ಪರಿಣಾಮವಾ?" ಎಂದು ಗೊಂದಲಗೊಂಡರೆ "ಎರಡೂ. ಹಿಂದಿನದಕ್ಕೆ ಮಗ, ಮುಂದಿನದಕ್ಕೆ ಅಪ್ಪ" ಅನ್ನಿ, ತಟ್ಟನೆ ಹಿಡಿಯುತ್ತಾರೆ. ಎರಡು: ಒಂದು ಕಾರಣಕ್ಕೆ ಹಲವು ಪರಿಣಾಮ. ಅದೇ ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, ಅಲ್ಲಿಂದ ಪಕ್ಕಕ್ಕೊಂದು ಬಾಣ ಎಳೆಸಿ. ಮೂರು: ಒಂದು ಪರಿಣಾಮಕ್ಕೆ ಹಲವು ಕಾರಣ. ಅಣೆಕಟ್ಟೆ ಕಟ್ಟಿದ್ದು ವಿದ್ಯುತ್ತಿಗೂ ಹೌದು, ನೀರಾವರಿಗೂ ಹೌದು.

ಮಕ್ಕಳು ನಡುವಿನ ಕೊಂಡಿ ಹಾರಿಸಿ "ಚಿನ್ನದ ಗಣಿಯಿಂದ ಸಕ್ಕರೆ ಕಾರ್ಖಾನೆ ಬಂತು" ಎಂದು ಬರೆಯುತ್ತಾರೆ. ಆಗ ಪ್ರಶ್ನೆ: "ಅದು ಹೇಗೆ? ನಡುವೆ ಏನೇನಾಯ್ತು?" ಹಾಗೆಯೇ ಮೊದಲ ಪಟ್ಟಿಗೆ ಅಂಗೈ ಪರೀಕ್ಷೆ ಮಾಡಿಸಿ. ಗಣಿಯೇ ಇಲ್ಲದಿದ್ದರೂ ನೀರಾವರಿಗೆಂದು ಅಣೆಕಟ್ಟೆ ಬರುತ್ತಿತ್ತೇನೋ ಎಂದು ಐದನೇ ತರಗತಿಯವರು ವಾದಿಸಿದರೆ ಪಾಠ ಗೆದ್ದಂತೆ.

ಮೀನಿನ ಮೂಳೆಯ ಚಿತ್ರ ಬಳಸಬಹುದೇ?

ಬಳಸಬಹುದು, ಐದನೇ ತರಗತಿಯಲ್ಲಿ, ಒಂದೇ ಪರಿಣಾಮಕ್ಕೆ ಮೂರಕ್ಕಿಂತ ಹೆಚ್ಚು ಕಾರಣ ಇದ್ದಾಗ ಮಾತ್ರ. ಮೀನಿನ ತಲೆಯಲ್ಲಿ ಪರಿಣಾಮ, ಒಂದೊಂದು ಮೂಳೆಯ ಮೇಲೆ ಒಂದೊಂದು ಕಾರಣ ಬರೆಯುವ ಈ ಚಿತ್ರವನ್ನು ಜಪಾನಿನ ಗುಣಮಟ್ಟ ತಜ್ಞ ಕಾವೊರು ಇಶಿಕಾವಾ ಕಾರ್ಖಾನೆಗಳ ದೋಷ ಹುಡುಕಲು ಬಳಕೆಗೆ ತಂದರು. ಚಿಕ್ಕವರಿಗೆ ಮೀನು ಬರೆಯುವುದೇ ಮುಖ್ಯವಾಗಿಬಿಡುತ್ತದೆ.

ಹೊಂದಿಸಿ ಬರೆಯಿರಿ ವರ್ಕ್‌ಶೀಟಿನಲ್ಲಿ ಎಲ್ಲರಿಗೂ ಪೂರ್ತಿ ಅಂಕ. ಪಾಠ ಕೇಳಿದರೆ ಬರುವುದಿಲ್ಲ. ಯಾಕೆ?

ಓದದೆಯೇ ಹೊಂದಿಸಲು ಬರುತ್ತದೆ, ಅದಕ್ಕೆ. ಎಡಗಡೆ "ಮಳೆ ಬಂತು", ಬಲಗಡೆ "ಕೊಡೆ ಬಿಚ್ಚಿದ": ಇದಕ್ಕೆ ಪಾಠ ಯಾಕೆ ಬೇಕು? ಬಲಗಡೆಯ ಎಲ್ಲ ಉತ್ತರಗಳೂ ಮೇಲ್ನೋಟಕ್ಕೆ ಹೊಂದುವಂತಿರಬೇಕು. "ಮಳೆ ಬಂತು" ಎಂಬುದಕ್ಕೆ "ಕೊಡೆ ಬಿಚ್ಚಿದ", "ಆಟ ನಿಂತಿತು", "ಸಂತೆ ಬೇಗ ಮುಗಿಯಿತು" ಮೂರೂ ಇರಲಿ, ಪಾಠದಲ್ಲಿ ಆದದ್ದು ಒಂದೇ ಇರಲಿ. ಎಡಕ್ಕೆ ಐದು ಇದ್ದರೆ ಬಲಕ್ಕೆ ಏಳು ಕೊಡಿ, ಉಳಿದದ್ದನ್ನು ಹಾಕುವ ಉಪಾಯ ನಡೆಯುವುದಿಲ್ಲ. ಮಗು ಉತ್ತರದ ಪಕ್ಕ ಪಾಠದ ಸಾಲಿನ ಸಂಖ್ಯೆ ಬರೆಯಲಿ.

ಉತ್ತರದಲ್ಲಿ "ಏಕೆಂದರೆ ಮಳೆ ಬಂದಿದ್ದರಿಂದ." ಎಂದು ಬರೆಯುತ್ತಾರೆ. ಅಂಕ ಕೊಡಬೇಕೇ?

ಓದಿನ ಅಂಕ ಕೊಡಿ, ಬರವಣಿಗೆಯನ್ನು ತಿದ್ದಿ. ಕಾರಣದ ಗುರುತು ಎರಡು ಸಲ ಬಿದ್ದಿದೆ, ವಾಕ್ಯ ಮುಗಿದಿಲ್ಲ. "ಏಕೆಂದರೆ ಮಳೆ ಬಂತು" ಅಥವಾ "ಮಳೆ ಬಂದಿದ್ದರಿಂದ ಆಟ ನಿಂತಿತು", ಎರಡರಲ್ಲಿ ಒಂದು. ಮೇಷ್ಟ್ರುಗಳ ಮಾದರಿ ಉತ್ತರಗಳಲ್ಲೂ ಈ ತಪ್ಪು ಇಣುಕುತ್ತದೆ, ಗೈಡುಗಳಲ್ಲಂತೂ ಕೇಳಬೇಡಿ.

ಎರಡು ಅಂಕದ ಪ್ರಶ್ನೆಯಾದರೆ ಒಂದು ಅಂಕ ಕಾರಣಕ್ಕೆ, ಒಂದು ಪಾಠದಿಂದ ಆಧಾರ ತೋರಿಸಿದ್ದಕ್ಕೆ. ಧಾರವಾಡದ ಕಡೆಯ ಮಗು "ಮಳಿ ಬಂತು, ಅದಕ್ಕ ಆಟ ನಿಂತು" ಎಂದು ಬಾಯಿಪರೀಕ್ಷೆಯಲ್ಲಿ ಹೇಳಿದರೆ ಅದು ಪೂರ್ತಿ ಸರಿ ಉತ್ತರ. ಮಂಗಳೂರಿನ "ಎಂತಕ್ಕೆ"ಯೂ ಅಷ್ಟೇ. ಗ್ರಾಂಥಿಕ ರೂಪ ಬರೆಯುವಾಗ ಕಲಿಸುವುದು, ಅರ್ಥವಾಗಿದೆಯೇ ಎಂದು ನೋಡುವಾಗ ಅಡ್ಡ ತರುವುದಲ್ಲ.

ಕಥೆಯ ಪರಿಣಾಮ ಕೇಳಿದರೆ "ಸುಳ್ಳು ಹೇಳಬಾರದು" ಅನ್ನುತ್ತಾರೆ.

ಅದು ನೀತಿ. ಪ್ರತಿ ಕಥೆಯ ಕೊನೆಗೂ ನೀತಿ ಕೇಳಿಸಿಕೊಂಡು ಬಂದ ಮಕ್ಕಳಿಗೆ ಇದು ಸಹಜ. "ಕಥೆಯೊಳಗೆ ಯಾರಿಗೆ ಏನಾಯ್ತು?" ಎಂದು ತಿರುಗಿಸಿ ಕೇಳಿ. ಉತ್ತರದಲ್ಲಿ ಒಂದು ಹೆಸರೂ ಆಗಿಹೋದ ಕ್ರಿಯೆಯೂ ಇರಬೇಕೆಂಬ ನಿಯಮ ಹಾಕಿ. "ಬಾರದು", "ಬೇಕು" ಬಂದರೆ ನೀತಿ ಎಂದು ಬದಿಗಿಡಿ.

ಗಾದೆಗಳು ಉಪಯೋಗಕ್ಕೆ ಬರುತ್ತವೆಯೇ?

ಚೆನ್ನಾಗಿ ಬರುತ್ತವೆ. ಹನಿ ಹನಿ ಗೂಡಿದರೆ ಹಳ್ಳ, ಬೆಂಕಿ ಇಲ್ಲದೆ ಹೊಗೆಯಾಡದು, ಅತಿ ಆಸೆ ಗತಿ ಕೇಡು, ತಾಳಿದವನು ಬಾಳಿಯಾನು. ಗಾದೆಯನ್ನು ಎರಡು ತುಂಡು ಮಾಡಿ ಬೇರೆ ಬೇರೆ ಮಕ್ಕಳ ಕೈಗೆ ಕೊಟ್ಟು ಜೋಡಿ ಹುಡುಕಿಸಿ, ಆಮೇಲೆ "ಅದಕ್ಕೇ" ಸೇರಿಸಿ ಹೇಳಿಸಿ. "ಬೆಂಕಿ ಇಲ್ಲದೆ ಹೊಗೆಯಾಡದು" ಎಂಬುದಂತೂ ಅಂಗೈ ಪರೀಕ್ಷೆಯೇ. ಕಾರಣ ತೆಗೆದರೆ ಪರಿಣಾಮ ಇಲ್ಲ ಎಂದು ಗಾದೆಯೇ ಹೇಳುತ್ತಿದೆ.

ನಲಿಕಲಿ (ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ) ತರಗತಿಯಲ್ಲಿ ಒಂದರಿಂದ ಮೂರರವರೆಗಿನ ಮೂರು ತರಗತಿಯವರೂ ಒಟ್ಟಿಗೆ ಕೂತಿರುತ್ತಾರೆ. ಹೇಗೆ?

ಕಥೆ ಒಂದೇ, ಕೆಲಸ ಬೇರೆ. ಒಂದನೆಯವರಿಗೆ ಎರಡು ಚಿತ್ರ (ಮುರಿದ ಕೊಂಬೆ, ನಿಂತ ಮಿಕ್ಸಿ), ಯಾವುದು ಮೊದಲು, ಯಾಕೆ ಎಂದು ಬಾಯಲ್ಲಿ. ಎರಡನೆಯವರಿಗೆ ನಾಲ್ಕು ಪಟ್ಟಿ. ಮೂರನೆಯವರಿಗೆ ಪೂರ್ತಿ ಹತ್ತು ಪಟ್ಟಿ, ಒಂದು ವಾಕ್ಯ ಬರವಣಿಗೆ. ಕಥೆ ಹೊಸದಾಗಿ ಬರೆದುಕೊಳ್ಳುವುದಾದರೆ ಎರಡಕ್ಕೆ 20ರಿಂದ 30 ಪದ, ಮೂರಕ್ಕೆ 35ರಿಂದ 60, ನಾಲ್ಕು–ಐದಕ್ಕೆ 80ರಿಂದ 120 ಪದ ಹದವಾಗಿರುತ್ತದೆ.

ಮನೆಮಾತು ಕನ್ನಡ ಅಲ್ಲದ ಮಕ್ಕಳಿಗೆ?

ಉರ್ದು, ತುಳು, ಲಂಬಾಣಿ, ತೆಲುಗು, ಯಾವುದೇ ಆಗಲಿ, ಮೊದಲು ಅವರ ಮಾತಿನಲ್ಲಿ ಕಾರಣ ಹೇಳಲಿ. ತರಗತಿಯಲ್ಲಿ ಅದೇ ಮಾತಾಡುವ ಇನ್ನೊಂದು ಮಗು ಕನ್ನಡಕ್ಕೆ ತರಲಿ. ಕಾರಣ ಹಿಡಿಯುವ ಬುದ್ಧಿ ಅವರಲ್ಲಿ ಇದೆ, ಕೊರತೆ "ದ್ದರಿಂದ", "ದ್ದಕ್ಕೆ" ರೂಪಗಳದು. ಹೊರದೇಶದ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಇದೇ ಕೊರತೆ ಬೇರೆ ಮುಖ ತೋರುತ್ತದೆ. ಇಂಗ್ಲಿಷ್ ರೂಢಿಯಾದ ಮಕ್ಕಳು ಪ್ರತಿ ವಾಕ್ಯವನ್ನೂ "ಏಕೆಂದರೆ" ಹಾಕಿಯೇ ಹೇಳುತ್ತಾರೆ. ಅವರಿಗೆ "ಏಕೆಂದರೆ" ಬಳಸದೆ ಕಾರಣ ಹೇಳುವ ಆಟ ಆಡಿಸಿ: "ಹಸಿವಾಗಿ ಅತ್ತಿತು", "ಚಳಿಗೆ ನಡುಗಿತು".

ಮನೆಯಲ್ಲಿ ಅಪ್ಪ ಅಮ್ಮ ಏನು ಮಾಡಬಹುದು?

ಮಲಗುವ ಮುಂಚೆ ಕಥೆ ಓದುವಾಗ ಮೂರೇ ಕಡೆ ನಿಲ್ಲಿಸಿ "ಯಾಕೆ?" ಕೇಳಿದರೆ ಸಾಕು, ಪ್ರತಿ ಸಾಲಿಗೂ ಕೇಳಿದರೆ ಕಥೆ ಕೆಡುತ್ತದೆ. ಕೇಳಿದ ಮೇಲೆ ಐದಾರು ಸೆಕೆಂಡು ಬಾಯಿ ಮುಚ್ಚಿಕೊಂಡಿರಬೇಕು. ಬಹಳ ಮಂದಿ ಎರಡೇ ಸೆಕೆಂಡಿಗೆ ತಾವೇ ಉತ್ತರ ಹೇಳಿಬಿಡುತ್ತಾರೆ. ಅಡುಗೆಮನೆಯೂ ಆಗುತ್ತದೆ: ಹಾಲು ಯಾಕೆ ಉಕ್ಕಿತು, ದೋಸೆ ಹಿಟ್ಟು ಚಳಿಗಾಲದಲ್ಲಿ ಯಾಕೆ ಬೇಗ ಹುಳಿ ಬರುವುದಿಲ್ಲ, ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ. ಮಡಕೆಯ ಹೊರಮೈ ಮುಟ್ಟಿಸಿ, ಕೈಗೆ ತೇವ ಅಂಟಲಿ. ಆ ತೇವ ಎಲ್ಲಿಂದ ಬಂತು ಎಂಬುದು ನಾಳೆಯ ಪ್ರಶ್ನೆಯಾಗಿ ಉಳಿದರೂ ಪರವಾಗಿಲ್ಲ.